ಗೆರೆಯಲ್ಲಿ ಉಳಿದ ಕೈ: ಅಮೂರ್ತ ರೇಖಾಚಿತ್ರದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಗೆರೆ ಎಳೆಯುತ್ತೇನೆ. ಮರ, ಮನೆ, ಮುಖ ಯಾವುದೂ ಇಲ್ಲದ ಬರೀ ಗೆರೆಗಳು. ಅವುಗಳಲ್ಲಿ ಇರುವುದು ಕೈಯ ಜಾಡು ಎಂದು ಹೇಳುತ್ತಿರುತ್ತೇನೆ. ನೋಡಿದವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ತರಹ ಇರುತ್ತವೆ. ನಿಂತ ಜಾಗದಲ್ಲಿ ಎರಡು ಮಾತಿನಲ್ಲಿ ಉತ್ತರ ಕೊಟ್ಟರೆ ಅವರಿಗೂ ಸಮಾಧಾನ ಆಗುವುದಿಲ್ಲ, ನನಗೂ ಆಗುವುದಿಲ್ಲ. ಅದಕ್ಕೇ ಇಲ್ಲಿ ಸ್ವಲ್ಪ ನಿಧಾನವಾಗಿ ಬರೆದಿದ್ದೇನೆ.

ಅಮೂರ್ತ ರೇಖಾಚಿತ್ರ ಅಂದರೆ ಏನು?

ಯಾವ ವಸ್ತುವನ್ನೂ ತೋರಿಸಲು ಹೊರಡದ ಗೆರೆಗಳ ಚಿತ್ರ. ಮಾಮೂಲಿ ಚಿತ್ರದಲ್ಲಿ ಗೆರೆಗೆ ಒಂದು ಕೆಲಸ ಇರುತ್ತದೆ. ಮೂಗಿನ ಅಂಚು ತೋರಿಸಬೇಕು, ಎಲೆಯ ಆಕಾರ ಹಿಡಿಯಬೇಕು. ಆ ಕೆಲಸ ಮುಗಿದ ಮೇಲೆ ನಾವು ಗೆರೆಯನ್ನು ಮರೆತು ಮೂಗನ್ನೇ ನೋಡುತ್ತೇವೆ. ಅಮೂರ್ತ ಚಿತ್ರದಲ್ಲಿ ಮೂಗು ಇಲ್ಲ, ಗೆರೆ ಮಾತ್ರ ಇದೆ. ಹಾಗಾಗಿ ಅದು ಎಷ್ಟು ದಪ್ಪ, ಎಲ್ಲಿ ಶುರುವಾಯಿತು, ಎಲ್ಲಿ ತಿರುಗಿತು, ಯಾವ ವೇಗದಲ್ಲಿ ಹೋಯಿತು ಅನ್ನುವುದು ಕಣ್ಣಿಗೆ ಬೀಳತೊಡಗುತ್ತದೆ.

ಚಿತ್ರಕಾರ ಪೌಲ್ ಕ್ಲೇ 1921ರಿಂದ 1931ರವರೆಗೆ ಜರ್ಮನಿಯ ಬೌಹೌಸ್ ಕಲಾಶಾಲೆಯಲ್ಲಿ ಪಾಠ ಮಾಡುತ್ತಿದ್ದರು. ಸುಮ್ನೆ ಅಡ್ಡಾಡಲು ಹೊರಟ ಚುಕ್ಕಿಯೇ ಗೆರೆ ಎಂದು ಅವರು ವಿವರಿಸುತ್ತಿದ್ದರು. ಎಲ್ಲಿಗೂ ತಲುಪಬೇಕಾಗಿಲ್ಲ, ಅಡ್ಡಾಡುವುದಕ್ಕೋಸ್ಕರವೇ ಅಡ್ಡಾಡುವುದು. ನನಗೆ ಈ ವಿವರಣೆ ಬಹಳ ಇಷ್ಟ, ಯಾಕೆಂದರೆ ಇದರಲ್ಲಿ ಗೆರೆ ಒಂದು ಆಕಾರವಾಗಿ ಬರುವುದಿಲ್ಲ, ನಡಿಗೆಯಾಗಿ ಬರುತ್ತದೆ.

ನಮ್ಮ ಮಾತಿನಲ್ಲೂ ಇದು ಅಡಗಿದೆ. ನಾವು ಅಕ್ಷರವನ್ನೂ ಬರೆಯುತ್ತೇವೆ, ಚಿತ್ರವನ್ನೂ ಬರೆಯುತ್ತೇವೆ. ಗೆರೆಯನ್ನು ಮಾತ್ರ ಎಳೆಯುತ್ತೇವೆ, ಹಗ್ಗ ಎಳೆದ ಹಾಗೆ. ಎಳೆ ಅಂದರೆ ನೂಲಿನ ಎಳೆಯೂ ಹೌದು. ಒಂದು ಕಡೆ ಹಿಡಿದು ಎಳೆಯುವವರು ಇರಲೇಬೇಕು ಎಂದು ಈ ಪದವೇ ಹೇಳುತ್ತದೆ.

‘ಕೈಯ ಜಾಡು’ ಅಂತ ಹೇಳುತ್ತೀರಲ್ಲ, ಹಾಗೆಂದರೆ?

ಮರಳಿನ ಮೇಲೆ ಹೆಜ್ಜೆ ನೋಡಿದರೆ ಯಾರೋ ಹೋಗಿದ್ದಾರೆ ಎಂದು ತಿಳಿಯುತ್ತದೆ. ಹೆಜ್ಜೆ ಆಳವಾಗಿದ್ದರೆ ಭಾರ ಹೊತ್ತಿದ್ದರು, ದೂರ ದೂರ ಇದ್ದರೆ ಓಡುತ್ತಿದ್ದರು. ಗೆರೆಯೂ ಹಾಗೆಯೇ. ಪೆನ್ಸಿಲ್ ಹಾಳೆಗೆ ತಾಕಿದ ಕ್ಷಣದಿಂದ ಮೇಲೆದ್ದ ಕ್ಷಣದವರೆಗೆ ಕೈ ಏನೇನು ಮಾಡಿತೋ ಅದೆಲ್ಲ ಅಲ್ಲಿ ಉಳಿದಿರುತ್ತದೆ.

ಒಂದು ಗೆರೆಯನ್ನು ಹತ್ತಿರದಿಂದ ನೋಡೋಣ. ನನ್ನ ಮೇಜಿನ ಮೇಲೆ ಒಂದು ಹಾಳೆ ಇದೆ. ಸ್ವಲ್ಪ ಒರಟು ಕಾಗದ, 2ಬಿ ಪೆನ್ಸಿಲ್, ಎಡದಿಂದ ಬಲಕ್ಕೆ ಸುಮಾರು 30 ಸೆಂಟಿಮೀಟರ್ ಉದ್ದದ ಗೆರೆ. ದೂರದಿಂದ ನೇರವಾಗಿ, ಒಂದೇ ಸಮ ಕಾಣುತ್ತದೆ. ಭೂತಗನ್ನಡಿ ಹಿಡಿದರೆ ಅದು ಗೆರೆಯೇ ಅಲ್ಲ, ಸಾಲಾಗಿ ಕೂತ ಕಪ್ಪು ಕಾಳುಗಳು. ಕಾಗದದ ಉಬ್ಬುಗಳ ಮೇಲೆ ಮಾತ್ರ ಸೀಸ ಹತ್ತಿದೆ, ತಗ್ಗುಗಳು ಬಿಳಿಯಾಗಿಯೇ ಉಳಿದಿವೆ. ಶುರುವಿನಲ್ಲಿ ಒಂದು ಗಾಢ ಚುಕ್ಕಿ ಇದೆ, ಅಲ್ಲಿ ಕೈ ಒಂದು ಕ್ಷಣ ತಡೆದಿತ್ತು. ಮೊದಲ ಕಾಲು ಭಾಗ ಕಪ್ಪು. ಆಮೇಲೆ ಬಣ್ಣ ತಿಳಿಯಾಗಿದೆ, ಪೆನ್ಸಿಲಿನ ಚೂಪು ಸವೆದು ಗೆರೆ ಮೊದಲಿಗಿಂತ ಕೂದಲೆಳೆಯಷ್ಟು ಅಗಲವಾಗಿದೆ. ಮೂರನೇ ಎರಡು ಭಾಗ ದಾಟಿದ ಮೇಲೆ ಗೆರೆ ಚೂರು ಕೆಳಕ್ಕೆ ಬಾಗಿದೆ. ಆ ಹೊತ್ತಿಗೆ ಮೊಣಕೈ ಮೇಜಿನ ಅಂಚು ಮುಟ್ಟಿತ್ತು. ಕೊನೆಯಲ್ಲಿ ಚುಕ್ಕಿ ಇಲ್ಲ, ಗೆರೆ ತೆಳುವಾಗುತ್ತಾ ಕರಗಿ ಹೋಗಿದೆ. ಕೈ ನಿಲ್ಲದೆ ಹಾಗೇ ಮೇಲೆದ್ದಿದೆ.

ಎಳೆಯಲು ನನಗೆ ಹಿಡಿದದ್ದು ಆರೇಳು ಸೆಕೆಂಡು. ಆ ಆರೇಳು ಸೆಕೆಂಡು ಈ ಹಾಳೆಯ ಮೇಲೆ ಹಾಗೇ ಇವೆ. ನಾನು ಹೇಳಬೇಕೆಂದಿರುವುದು ಮುಖ್ಯವಾಗಿ ಇದನ್ನೇ: ಗೆರೆ ಅಂದರೆ ನಡೆದು ಹೋದ ಸಮಯ. ನೀವು ಅದನ್ನು ಕಣ್ಣಿನಿಂದ ಮತ್ತೆ ನಡೆಸಬಹುದು.

ಹಾಗಾದರೆ ಇಂಥ ಚಿತ್ರವನ್ನು ನೋಡುವುದು ಹೇಗೆ?

ಮೊದಲು ‘ಇದು ಏನು’ ಅನ್ನುವ ಪ್ರಶ್ನೆಯನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಡಿ. ಒಂದು ಗೆರೆ ಆರಿಸಿಕೊಳ್ಳಿ. ಅದರ ತುದಿ ಹುಡುಕಿ. ಎರಡು ತುದಿಗಳಲ್ಲಿ ಶುರು ಯಾವುದು, ಕೊನೆ ಯಾವುದು? ಇಂಕಿನಲ್ಲಿ ಎಳೆದಿದ್ದರೆ ಪೆನ್ನು ತಡೆದು ನಿಂತ ಕಡೆ ಇಂಕು ಜಾಸ್ತಿ ಇಳಿದು ದಪ್ಪಗಾಗಿರುತ್ತದೆ. ಕುಂಚವಾದರೆ ಶುರುವಿನಲ್ಲಿ ತುಂಬಿಕೊಂಡಿರುತ್ತದೆ, ಹೋಗ್ತಾ ಹೋಗ್ತಾ ಬಣ್ಣ ಮುಗಿದು ಕೂದಲುಗಳು ಬಿಡಿಬಿಡಿಯಾಗಿ ಒಣ ಗೀರು ಬೀಳುತ್ತವೆ. ದಿಕ್ಕು ಗೊತ್ತಾದ ಮೇಲೆ ಅದೇ ದಿಕ್ಕಿನಲ್ಲಿ ಕಣ್ಣು ಓಡಿಸಿ. ಯಾರೂ ನೋಡುತ್ತಿಲ್ಲವಾದರೆ ಗಾಳಿಯಲ್ಲಿ ಬೆರಳನ್ನೂ ಆಡಿಸಿ. ನಾಚಿಕೊಳ್ಳುವಂಥದ್ದೇನೂ ಅಲ್ಲ, ನಾನು ಯಾರು ನೋಡುತ್ತಿದ್ದರೂ ಆಡಿಸುತ್ತೇನೆ.

ಎರಡು ಗೆರೆ ಒಂದನ್ನೊಂದು ದಾಟುವ ಜಾಗ ನೋಡಿ. ಯಾವುದು ಕೆಳಗೆ, ಯಾವುದು ಮೇಲೆ? ಅಂದರೆ ಯಾವುದು ಮೊದಲು ಬಂತು? ಹೀಗೆ ನಾಲ್ಕೈದು ಕಡೆ ನೋಡಿದರೆ ಇಡೀ ಚಿತ್ರ ಯಾವ ಕ್ರಮದಲ್ಲಿ ಬೆಳೆಯಿತು ಎಂದು ತಿಳಿಯತೊಡಗುತ್ತದೆ. ಚಿತ್ರ ನಿಮ್ಮದೇ ಆಗಿದ್ದರೆ ಇನ್ನೂ ಒಂದು ಕೆಲಸ ಮಾಡಿ. ದೀಪ ಆರಿಸಿ, ಟಾರ್ಚನ್ನು ಹಾಳೆಯ ಪಕ್ಕದಲ್ಲಿ ಮಲಗಿಸಿ ಬೆಳಕು ಬಿಡಿ. ಒತ್ತಿ ಎಳೆದ ಗೆರೆಗಳು ಕಾಲುವೆಗಳ ಹಾಗೆ ನೆರಳು ಹಿಡಿದು ಎದ್ದು ಕಾಣುತ್ತವೆ. ರಬ್ಬರಿನಿಂದ ಅಳಿಸಿದ ಗೆರೆಗಳೂ ಆಗ ಕಾಣಿಸಬಹುದು, ಯಾಕೆಂದರೆ ರಬ್ಬರ್ ಸೀಸವನ್ನು ಒಯ್ಯುತ್ತದೆ, ತಗ್ಗನ್ನು ಒಯ್ಯುವುದಿಲ್ಲ.

ನನಗೆ ಗೆರೆ ಕಲಿಸಿದ ಮೇಷ್ಟ್ರು ಚಿತ್ರವನ್ನು ಮೊದಲು ತಿರುಗಿಸಿ ಹಿಂಬದಿ ನೋಡುತ್ತಿದ್ದರು. ಕಣ್ಣು ಮುಚ್ಚಿ ಹೆಬ್ಬೆರಳನ್ನು ಹಾಳೆಯ ಬೆನ್ನಿನ ಮೇಲೆ ಸವರುತ್ತಾ ಹೋಗಿ ಒಂದು ಕಡೆ ನಿಲ್ಲಿಸಿ, "ಇಲ್ಲಿ ಯಾಕೆ ಹೆದರಿದೆ?" ಎಂದು ಕೇಳುತ್ತಿದ್ದರು. ಮುಂದೆ ತಿರುಗಿಸಿದರೆ ನಾನು ಅನುಮಾನಿಸಿ ಪೆನ್ಸಿಲ್ ಒತ್ತಿದ ಜಾಗವೇ ಅದು. ಒಂದು ಸಲವೂ ತಪ್ಪಲಿಲ್ಲ.

ಇದನ್ನು ನನ್ನ ಮಗುವೂ ಗೀಚುತ್ತದೆ, ಅಲ್ವಾ?

ಮಗು ಗೀಚುತ್ತದೆ, ಚೆನ್ನಾಗಿಯೇ ಗೀಚುತ್ತದೆ. ಮಗುವಿನ ಗೆರೆಯಲ್ಲಿ ಹೆದರಿಕೆ ಇರುವುದಿಲ್ಲ. ಅದಕ್ಕೇ ಎಷ್ಟೋ ಕಲಾವಿದರು ಆ ಗೆರೆಯ ಹಿಂದೆ ಬಿದ್ದಿದ್ದಾರೆ. ಕಷ್ಟ ಇರುವುದು ಬೇರೆ ಕಡೆ. ಒಮ್ಮೆ ಅಕ್ಷರ ಕಲಿತು, ನೇರವಾಗಿ, ದುಂಡಗೆ ಬರೆಯುವುದು ಕೈಗೆ ಅಂಟಿಕೊಂಡ ಮೇಲೆ ಆ ಪಳಗಿದ ಕೈಯನ್ನು ಬಿಡಿಸಿಕೊಳ್ಳುವುದು ಸುಲಭ ಅಲ್ಲ.

ಚಿತ್ರಕಾರ ಸೈ ಟ್ವಾಂಬ್ಲಿ ಅಮೆರಿಕದ ಸೈನ್ಯದಲ್ಲಿ ಗುಪ್ತಲಿಪಿಯ ತರಬೇತಿ ಪಡೆಯುತ್ತಿದ್ದ ಕಾಲದಲ್ಲಿ, 1950ರ ದಶಕದ ಮೊದಲ ಭಾಗದಲ್ಲಿ, ರಾತ್ರಿ ದೀಪ ಆರಿಸಿ ಕತ್ತಲಲ್ಲಿ ಗೆರೆ ಎಳೆಯುತ್ತಿದ್ದರು. ಕಲಿತ ಕೈಯ ಅಭ್ಯಾಸ ಮುರಿಯಬೇಕಿತ್ತು, ಅದಕ್ಕೆ ಕಣ್ಣನ್ನೇ ಪಕ್ಕಕ್ಕಿಟ್ಟರು. ಮುಂದೆ 1960ರ ದಶಕದ ಕೊನೆಯಲ್ಲಿ ಅವರು ಬೂದು ಹಲಗೆಯಂಥ ದೊಡ್ಡ ಕ್ಯಾನ್ವಾಸ್‌ಗಳ ಮೇಲೆ ಸಾಲು ಸಾಲಾಗಿ ಸುರುಳಿಗಳನ್ನು ಬರೆದರು. ಕಾಪಿ ಪುಸ್ತಕದಲ್ಲಿ ಮಕ್ಕಳು ಕೈ ತಿದ್ದಿದ ಹಾಗೆ ಕಾಣುತ್ತದೆ. 1970ರ ಒಂದು ದೊಡ್ಡ ಚಿತ್ರವನ್ನಂತೂ ಸ್ನೇಹಿತರೊಬ್ಬರ ಹೆಗಲ ಮೇಲೆ ಕೂತು ಬರೆದರು. ಸ್ನೇಹಿತ ಕ್ಯಾನ್ವಾಸಿನ ಉದ್ದಕ್ಕೂ ಅತ್ತಿಂದಿತ್ತ ನಡೆಯುತ್ತಿದ್ದರೆ ಇವರು ಮೇಲೆ ಕೂತು ಸುರುಳಿ ಎಳೆಯುತ್ತಾ ಹೋದರು. ಆ ಸುರುಳಿಗಳಲ್ಲಿ ಇಬ್ಬರ ಮೈಯ ಚಲನೆ ಇದೆ.

ನಿಮ್ಮ ಮಗುವಿನ ಹಾಳೆಗಳನ್ನು ಬಿಸಾಡಬೇಡಿ. ತಾರೀಕು ಹಾಕಿ ಎತ್ತಿಡಿ.

ಕೈಯ ಎಲ್ಲ ಚಲನೆಯೂ ಒಂದೇ ತರಹ ಇರುತ್ತದಾ?

ಇಲ್ಲ. ಬೆರಳಿನಿಂದ ಎಳೆದ ಗೆರೆ ಚಿಕ್ಕದು, ಗಿಡ್ಡ ಗಿಡ್ಡ ತಿರುವುಗಳದು, ಅಕ್ಷರ ಬರೆದ ಹಾಗೆ. ಮಣಿಕಟ್ಟಿನಿಂದ ಎಳೆದರೆ ಅಂಗೈಯಗಲದ ಬಿಲ್ಲು ಮೂಡುತ್ತದೆ. ಮೊಣಕೈಯಿಂದ ಎಳೆದರೆ ಹಾಳೆ ದಾಟುವ ಬಿಲ್ಲು. ಭುಜದಿಂದ ಎಳೆದ ಗೆರೆ ಎಲ್ಲಕ್ಕಿಂತ ನೇರ, ಎಲ್ಲಕ್ಕಿಂತ ಧಾರಾಳ. ನಮ್ಮ ಕೀಲುಗಳೆಲ್ಲ ಕೈವಾರದ ಹಾಗೆ ತಿರುಗುತ್ತವೆ, ಹಾಗಾಗಿ ಕೈಗೆ ಸಹಜವಾಗಿ ಬರುವುದು ಬಾಗಿದ ಗೆರೆ. ನೇರ ಗೆರೆ ಬರಬೇಕೆಂದರೆ ಎರಡು ಮೂರು ಕೀಲುಗಳು ಒಂದನ್ನೊಂದು ಸರಿದೂಗಿಸಿಕೊಳ್ಳಬೇಕು.

ಬಲಗೈಯವರು ಓರೆ ಗೆರೆಗಳನ್ನು ಒತ್ತಾಗಿ ಎಳೆದು ನೆರಳು ತುಂಬುವಾಗ ಅವು ಸಾಮಾನ್ಯವಾಗಿ ಬಲಮೇಲಿನಿಂದ ಎಡಕೆಳಕ್ಕೆ ವಾಲುತ್ತವೆ. ಎಡಗೈಯವರದು ಇದಕ್ಕೆ ತಿರುಗಾಮುರುಗಾ. ಲಿಯೊನಾರ್ಡೊ ಡ ವಿಂಚಿ ಎಡಗೈಯವರು. ಅವರ ಹಾಳೆಗಳಲ್ಲಿ ನೆರಳಿನ ಗೆರೆಗಳು ಎಡಮೇಲಿನಿಂದ ಬಲಕೆಳಕ್ಕೆ ಓಡುತ್ತವೆ. ಐನೂರು ವರ್ಷ ಆದ ಮೇಲೂ ಒಂದು ಹಾಳೆ ಅವರದ್ದೋ ಅವರ ಶಿಷ್ಯರದ್ದೋ ಎಂದು ತೂಗಿ ನೋಡುವಾಗ ತಜ್ಞರು ಈ ವಾಲಿಕೆಯನ್ನು ಗಮನಿಸುತ್ತಾರೆ.

ಸ್ಕೇಲ್ ಇಟ್ಟು ಎಳೆದರೆ ಕೈ ಎಲ್ಲಿ ಉಳಿಯಿತು?

ಈ ಪ್ರಶ್ನೆ ನನಗೆ ಬಹಳ ಪ್ರಿಯವಾದದ್ದು, ಯಾಕೆಂದರೆ ನಾನೂ ಎಷ್ಟೋ ವರ್ಷ ಇದನ್ನೇ ಕೇಳಿಕೊಂಡಿದ್ದೇನೆ. ಸ್ಕೇಲ್ ಇಟ್ಟರೆ ಕೈ ಮಾಯವಾಗುತ್ತದೆ ಎಂದು ನಂಬಿದ್ದೆ. ಎರಡು ಹೆಸರುಗಳು ಆ ನಂಬಿಕೆಯನ್ನು ಮುರಿದವು.

ಒಂದು, ಆಗ್ನೆಸ್ ಮಾರ್ಟಿನ್. 1912ರಲ್ಲಿ ಕೆನಡಾದಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದವರು. 1960ರ ದಶಕದಲ್ಲಿ ಆರು ಅಡಿ ಉದ್ದ, ಆರು ಅಡಿ ಅಗಲದ ಕ್ಯಾನ್ವಾಸಿನ ಮೇಲೆ ಪೆನ್ಸಿಲಿನಿಂದ ಚೌಕುಳಿ ಎಳೆದರು. ದೂರದಿಂದ ನೋಡಿದರೆ ಬರೀ ಮಂಜು. ಹತ್ತಿರ ಬಂದರೆ ನೂರಾರು ಗೆರೆಗಳು. ಇನ್ನೂ ಹತ್ತಿರ ಹೋದರೆ ಪ್ರತಿ ಗೆರೆಯೂ ಬಟ್ಟೆಯ ನೇಯ್ಗೆಯ ಮೇಲೆ ಎದ್ದು ಬಿದ್ದು ಸಾಗಿದೆ. ಒಂದು ಕಡೆ ಕಪ್ಪು, ಒಂದು ಕಡೆ ಮಾಸಲು, ಒಂದು ಕಡೆ ಕ್ಯಾನ್ವಾಸಿನ ಅಂಚು ಮುಟ್ಟುವ ಮೊದಲೇ ನಿಂತಿದೆ. ಸ್ಕೇಲ್ ಗೆರೆಗೆ ದಾರಿ ತೋರಿಸಿತು ಅಷ್ಟೇ. ನಡೆದದ್ದು ಕೈ. ವಯಸ್ಸಾದ ಮೇಲೆ, 1990ರ ದಶಕದಲ್ಲಿ, ಅವರು ಐದು ಅಡಿಯ ಕ್ಯಾನ್ವಾಸಿಗೆ ಇಳಿದರು. ಆರು ಅಡಿಯದನ್ನು ಒಬ್ಬರೇ ಎತ್ತಿಡುವುದು ಕಷ್ಟವಾಗಿತ್ತು. ಚಿತ್ರದ ಅಳತೆಯನ್ನು ಅವರ ತೋಳು ತೀರ್ಮಾನ ಮಾಡಿತು.

ಇನ್ನೊಂದು, ನಸ್ರೀನ್ ಮೊಹಮದಿ. 1937ರಲ್ಲಿ ಕರಾಚಿಯಲ್ಲಿ ಹುಟ್ಟಿದರು, 1972ರಿಂದ ಬರೋಡಾದ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡಿದರು, 1990ರಲ್ಲಿ ತೀರಿಕೊಂಡರು. ಕಟ್ಟಡದ ನಕ್ಷೆ ಬರೆಯುವವರ ಮೇಜು ಮತ್ತು ಸಲಕರಣೆಗಳನ್ನು ಇಟ್ಟುಕೊಂಡು ಇಂಕು, ಪೆನ್ಸಿಲಿನಲ್ಲಿ ಓರೆ ಗೆರೆಗಳನ್ನು ಎಳೆದರು. ಚಿತ್ರಗಳಿಗೆ ಹೆಸರಿಡಲಿಲ್ಲ, ಹೆಚ್ಚಿನವಕ್ಕೆ ತಾರೀಕೂ ಹಾಕಲಿಲ್ಲ. ನರಗಳ ಕಾಯಿಲೆಯಿಂದ ಅವರ ಮೈಯ ಹಿಡಿತ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಾ ಬಂತು. ಹಾಗಿದ್ದೂ ಆ ಕೊನೆಯ ವರ್ಷಗಳ ಗೆರೆಗಳು ಹಾಳೆಯ ಮೇಲೆ ತೇಲುವಷ್ಟು ನಿಖರವಾಗಿವೆ.

ಇದನ್ನು ತಿಳಿದ ಮೇಲೆ ಅವರ ಚಿತ್ರ ನನಗೆ ಬೇರೆಯಾಗಿ ಕಂಡಿತು. ಅಲುಗಾಡುವ ಕೈಯಿಂದ ಅಲುಗಾಡದ ಗೆರೆ ಎಳೆಯಬೇಕಾದರೆ ಪ್ರತಿ ಗೆರೆಗೂ ಎಷ್ಟು ಸಿದ್ಧತೆ ಬೇಕು ಯೋಚಿಸಿ. ಸಾಧನ ಒರಗಿಸಬೇಕು, ಉಸಿರು ನಿಲ್ಲಿಸಬೇಕು, ಸರಿಯಾದ ಕ್ಷಣಕ್ಕೆ ಕಾಯಬೇಕು. ಕೈ ಕಾಣಿಸದಿರುವ ಕಡೆಯೇ ಕೈ ಅತಿ ಹೆಚ್ಚು ದುಡಿದಿದೆ.

ನನ್ನ ಕೈ ನಡುಗುತ್ತದೆ. ನಾನು ಗೆರೆ ಎಳೆಯಬಹುದಾ?

ಖಂಡಿತ ಎಳೆಯಬಹುದು. ಎಲ್ಲರ ಕೈಯೂ ನಡುಗುತ್ತದೆ. ಆರೋಗ್ಯವಂತರ ಕೈಯೂ ಸೆಕೆಂಡಿಗೆ ಸುಮಾರು 8ರಿಂದ 12 ಸಲ ಸಣ್ಣಗೆ ಕಂಪಿಸುತ್ತಲೇ ಇರುತ್ತದೆ. ಕಾಫಿ ಕುಡಿದಾಗ, ದಣಿದಾಗ, ಗಾಬರಿಯಾದಾಗ ಅದು ಜಾಸ್ತಿ ಆಗುತ್ತದೆ. ಬೇಗ ಎಳೆದ ಗೆರೆಯಲ್ಲಿ ಈ ಕಂಪನ ಕಾಣುವುದಿಲ್ಲ, ನಿಧಾನಕ್ಕೆ ಎಳೆದರೆ ಗೆರೆಯ ಅಂಚಿನಲ್ಲಿ ಮೂಡುತ್ತದೆ.

ಪೌಲ್ ಕ್ಲೇ ಅವರಿಗೆ 1935ರಿಂದ ಚರ್ಮ ಬಿಗಿಯಾಗುವ ಕಾಯಿಲೆ ಶುರುವಾಯಿತು. 1936ರಲ್ಲಿ ಅವರು ಮಾಡಿದ ಕೃತಿಗಳು ಬರೀ 25. ಅಲ್ಲಿಗೆ ನಿಲ್ಲಲಿಲ್ಲ. ಗೆರೆಯನ್ನು ದಪ್ಪ ಮಾಡಿಕೊಂಡರು, ಸರಳ ಮಾಡಿಕೊಂಡರು. ಮೊದಲಿನ ಜೇಡರ ಬಲೆಯಂಥ ಗೆರೆಯ ಜಾಗಕ್ಕೆ ದಪ್ಪ ಕಪ್ಪು ಪಟ್ಟಿಗಳು ಬಂದವು. 1939ರಲ್ಲಿ, ಸಾಯುವ ಹಿಂದಿನ ವರ್ಷ, ಅವರು ಬರೆದಿಡುತ್ತಿದ್ದ ಕೃತಿಗಳ ಪಟ್ಟಿಗೆ 1,200ಕ್ಕೂ ಹೆಚ್ಚು ಹೊಸ ಕೃತಿಗಳು ಸೇರಿದವು. ಕೈ ಏನು ಕೊಡಬಲ್ಲದೋ ಅದನ್ನೇ ತೆಗೆದುಕೊಂಡರು.

ನಡುಗುವ ಕೈಯವರಿಗೆ ನನ್ನದೊಂದು ಸಲಹೆ: ನಡುಕ ಮುಚ್ಚಲು ಹೋಗಬೇಡಿ. ಹಾಳೆ ತುಂಬಾ ಒಂದರ ಕೆಳಗೆ ಒಂದು ಅಡ್ಡ ಗೆರೆ ಎಳೆಯಿರಿ. ಹತ್ತು ಗೆರೆ ಆಗುವಷ್ಟರಲ್ಲಿ ನಿಮ್ಮ ನಡುಕಕ್ಕೆ ಒಂದು ಲಯ ಇರುವುದು ಕಾಣುತ್ತದೆ. ಆ ಲಯ ಇನ್ನೊಬ್ಬರ ಕೈಗೆ ಬರುವುದಿಲ್ಲ.

ಕಲಾವಿದರೇ ಎಳೆಯದಿದ್ದರೆ?

ಅಮೆರಿಕದ ಕಲಾವಿದ ಸಾಲ್ ಲೆವಿಟ್ 1968ರಲ್ಲಿ ನ್ಯೂಯಾರ್ಕಿನ ಗ್ಯಾಲರಿಯೊಂದರ ಗೋಡೆಯ ಮೇಲೆ ನೇರವಾಗಿ ಪೆನ್ಸಿಲ್ ಗೆರೆಗಳನ್ನು ಎಳೆದರು. ಆಮೇಲೆ ಅವರು ಸೂಚನೆ ಬರೆದುಕೊಡುವುದು, ಬೇರೆಯವರು ಗೋಡೆಯ ಮೇಲೆ ಎಳೆಯುವುದು ಶುರುವಾಯಿತು. ಗೆರೆ ಎಷ್ಟು ಉದ್ದ, ಯಾವ ದಿಕ್ಕು, ಮುಟ್ಟಬೇಕೋ ಬೇಡವೋ ಅನ್ನುವುದನ್ನು ಮಾತಿನಲ್ಲಿ ಹೇಳುತ್ತಿದ್ದರು. ಪ್ರದರ್ಶನ ಮುಗಿದ ಮೇಲೆ ಗೋಡೆಗೆ ಬಣ್ಣ ಬಳಿದರೂ ಕೃತಿ ಹೋಗುವುದಿಲ್ಲ, ಸೂಚನೆ ಇದೆಯಲ್ಲ. 2007ರಲ್ಲಿ ಅವರು ತೀರಿಕೊಂಡರು. ಮರುವರ್ಷ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಒಂದು ಮ್ಯೂಸಿಯಮ್ಮಿನಲ್ಲಿ ಅವರ 105 ಗೋಡೆಚಿತ್ರಗಳು ಬೇರೆಯವರ ಕೈಯಿಂದಲೇ ಮೂಡಿ ನಿಂತವು.

ಕೈಯ ಜಾಡು ಇಲ್ಲಿ ಇಲ್ಲ ಎಂದು ಕೆಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಇಲ್ಲಿ ಹಲವು ಕೈಗಳ ಜಾಡು ಇದೆ. ಒಂದೇ ಮಾತನ್ನು ಪ್ರತಿಯೊಬ್ಬರೂ ಬೇರೆ ಬೇರೆಯಾಗಿ ಅರ್ಥ ಮಾಡಿಕೊಳ್ಳುತ್ತಾರೆ, ಒಂದೇ ಗೆರೆಯನ್ನು ಬೇರೆ ಬೇರೆಯಾಗಿ ಎಳೆಯುತ್ತಾರೆ. ಇದು ಲೆವಿಟ್ ಅವರಿಗೇ ಚೆನ್ನಾಗಿ ಗೊತ್ತಿತ್ತು, ಅವರು ಅದನ್ನು ಬರೆದೂ ಇದ್ದಾರೆ. ‘ನೇರವಲ್ಲದ ಗೆರೆ ಎಳೆಯಿರಿ’ ಎಂದು ಹತ್ತು ಜನರಿಗೆ ಹೇಳಿ ನೋಡಿ. ಹತ್ತು ಸ್ವಭಾವಗಳು ಗೋಡೆಗೆ ಬರುತ್ತವೆ.

ಕಂಪ್ಯೂಟರ್ ಎಳೆದ ಗೆರೆಯಲ್ಲಿ ಏನಿದೆ?

ವೆರಾ ಮೋಲ್ನಾರ್ ಅವರನ್ನು ನೋಡಿ. 1924ರಲ್ಲಿ ಬುಡಾಪೆಸ್ಟಿನಲ್ಲಿ ಹುಟ್ಟಿ ಪ್ಯಾರಿಸ್ಸಿನಲ್ಲಿ ಬದುಕಿದವರು. 1968ರಲ್ಲಿ, ಕಂಪ್ಯೂಟರ್ ಇನ್ನೂ ಕೋಣೆ ತುಂಬುವಷ್ಟು ದೊಡ್ಡದಾಗಿದ್ದಾಗ, ಅದರಿಂದ ಚಿತ್ರ ಬರೆಸಲು ಶುರುಮಾಡಿದರು. ಯಂತ್ರಕ್ಕೆ ಪೆನ್ನು ಕಟ್ಟಿ ಚೌಕಗಳನ್ನು ಎಳೆಸುತ್ತಿದ್ದರು. ಎಲ್ಲವೂ ಕರಾರುವಾಕ್ಕಾಗಿ ಬಂದರೆ ಚಿತ್ರ ಸತ್ತ ಹಾಗೆ ಕಾಣುತ್ತಿತ್ತು. ಅದಕ್ಕೆ ಅವರು ಲೆಕ್ಕದೊಳಗೆ ನೂರಕ್ಕೆ ಒಂದರಷ್ಟು ಅಸ್ತವ್ಯಸ್ತತೆ ಸೇರಿಸಿದರು.

ನನ್ನ ಮನಸ್ಸಿಗೆ ನಾಟಿದ್ದು ಅವರ ಇನ್ನೊಂದು ಸರಣಿ. ಅವರ ತಾಯಿ ಅವರಿಗೆ ಕಾಗದ ಬರೆಯುತ್ತಿದ್ದರು. ಮೊದಲು ಅಚ್ಚುಕಟ್ಟಾಗಿದ್ದ ಆ ಕೈಬರಹ ವಯಸ್ಸಾದ ಹಾಗೆ ಅಲುಗಾಡತೊಡಗಿತು. ಮೋಲ್ನಾರ್ ಆ ಅಲುಗಾಟವನ್ನು ಕಂಪ್ಯೂಟರಿಗೆ ಕಲಿಸಿದರು. ಹಾಳೆಯ ಮೇಲೆ ಒಂದಕ್ಷರವೂ ಇಲ್ಲ, ಓದಲು ಏನೂ ಇಲ್ಲ, ಏಳುತ್ತಾ ಬೀಳುತ್ತಾ ಹೋಗುವ ಸಾಲುಗಳು ಮಾತ್ರ. ಆದರೂ ನೋಡಿದ ಕೂಡಲೇ ಅದು ಕಾಗದ ಎಂದು ತಿಳಿಯುತ್ತದೆ. ನಾವು ತೀರಿಹೋದವರ ಹಳೇ ಕಾಗದ ಸಿಕ್ಕಾಗ ಒಕ್ಕಣೆ ಓದುವ ಮೊದಲೇ ಕೈಬರಹ ನೋಡಿ ಗಂಟಲು ಕಟ್ಟುತ್ತದಲ್ಲ, ಅದೇ ಇದು.

ಅಳಿಸಿದ ಗೆರೆಗೆ ಬೆಲೆ ಇದೆಯಾ?

ಇದೆ. 1953ರಲ್ಲಿ ರಾಬರ್ಟ್ ರೌಶೆನ್‌ಬರ್ಗ್ ಎಂಬ ತರುಣ ಕಲಾವಿದರು ಆಗಲೇ ದೊಡ್ಡ ಹೆಸರಾಗಿದ್ದ ವಿಲಿಯಮ್ ಡಿ ಕೂನಿಂಗ್ ಹತ್ತಿರ ಹೋಗಿ, ನಿಮ್ಮದೊಂದು ಚಿತ್ರ ಕೊಡಿ, ಅಳಿಸಬೇಕು ಎಂದು ಕೇಳಿದರು. ಡಿ ಕೂನಿಂಗ್‌ಗೆ ಇದು ಇಷ್ಟವಾಗಲಿಲ್ಲ, ಆದರೂ ಕೊಟ್ಟರು. ಬೇಕಂತಲೇ ಅಳಿಸಲು ಕಷ್ಟವಾಗುವಂಥದ್ದನ್ನು ಆರಿಸಿ ಕೊಟ್ಟರು. ಅಳಿಸಿದ ಆ ಹಾಳೆ ಈಗ ಸ್ಯಾನ್ ಫ್ರಾನ್ಸಿಸ್ಕೋದ ಆಧುನಿಕ ಕಲೆಯ ಮ್ಯೂಸಿಯಮ್ಮಿನಲ್ಲಿದೆ. ಪೂರ್ತಿ ಬಿಳಿಯಾಗಿಲ್ಲ. ಮಸುಕು ಕಲೆಗಳು ಉಳಿದಿವೆ. ಅಳಿಸುವುದೂ ಕೈಯ ಕೆಲಸವೇ, ಅದರ ಜಾಡೂ ಉಳಿಯುತ್ತದೆ. ನಾನಂತೂ ತಪ್ಪಿದ ಗೆರೆಯನ್ನು ಈಗ ಅಳಿಸುವುದಿಲ್ಲ, ಪಕ್ಕದಲ್ಲಿ ಇನ್ನೊಂದು ಎಳೆಯುತ್ತೇನೆ.

ಬೇರೆಯವರ ಗೆರೆಯನ್ನು ನಕಲು ಮಾಡಲು ಆಗುತ್ತದಾ?

ಆಕಾರ ನಕಲು ಮಾಡಬಹುದು, ವೇಗ ನಕಲು ಮಾಡುವುದು ಕಷ್ಟ. ಆಕಾರ ಸರಿಯಾಗಿ ಬರಬೇಕೆಂದು ನಿಧಾನಿಸಿದರೆ ಗೆರೆಯಲ್ಲಿ ನಡುಕ ಮೂಡುತ್ತದೆ, ನಡುನಡುವೆ ಪೆನ್ನು ಎತ್ತಿದ ಗುರುತು ಬೀಳುತ್ತದೆ, ತುದಿಗಳು ಮೊಂಡಾಗುತ್ತವೆ. ವೇಗವಾಗಿ ಎಳೆದರೆ ಆಕಾರ ಕೈ ತಪ್ಪುತ್ತದೆ. ಕಳ್ಳ ಸಹಿ ಹಿಡಿಯುವ ಪರಿಣಿತರು ನೋಡುವುದೂ ಇದನ್ನೇ.

ಇದೆಲ್ಲ ಈಚೆಗೆ ಶುರುವಾದದ್ದಾ?

ಅಮೂರ್ತ ಚಿತ್ರ ಎಂಬ ಹೆಸರು ಈಚಿನದು. ಬರೀ ಗೆರೆಯಲ್ಲಿ ಕೈ ಗುರುತಿಸುವ ವಿಷಯ ಬಹಳ ಹಳೆಯದು. ಮೊದಲ ಶತಮಾನದ ರೋಮನ್ ಲೇಖಕ ಪ್ಲಿನಿ ಒಂದು ಕಥೆ ಹೇಳುತ್ತಾನೆ. ಗ್ರೀಕ್ ಚಿತ್ರಕಾರ ಅಪೆಲ್ಲಿಸ್ ಇನ್ನೊಬ್ಬ ಚಿತ್ರಕಾರ ಪ್ರೊಟೊಜಿನಿಸ್‌ನನ್ನು ನೋಡಲು ರೋಡ್ಸ್ ದ್ವೀಪಕ್ಕೆ ಹೋದ. ಆತ ಮನೆಯಲ್ಲಿರಲಿಲ್ಲ. ಒಬ್ಬ ಅಜ್ಜಿ ಇದ್ದಳು, ಚಿತ್ರ ಬರೆಯಲು ಸಿದ್ಧ ಮಾಡಿದ್ದ ದೊಡ್ಡ ಹಲಗೆ ಇತ್ತು. ಯಾರು ಬಂದಿದ್ದರು ಅಂತ ಹೇಳಲಿ ಎಂದು ಅಜ್ಜಿ ಕೇಳಿದಾಗ ಅಪೆಲ್ಲಿಸ್ ಕುಂಚ ತೆಗೆದುಕೊಂಡು ಹಲಗೆಯ ಮೇಲೆ ಅತಿ ತೆಳುವಾದ ಒಂದು ಗೆರೆ ಎಳೆದು ಹೊರಟುಹೋದ. ಪ್ರೊಟೊಜಿನಿಸ್ ಬಂದು ನೋಡಿದವನೇ, ಇದು ಅಪೆಲ್ಲಿಸ್‌ನ ಕೈ, ಬೇರೆ ಯಾರಿಂದಲೂ ಸಾಧ್ಯವಿಲ್ಲ ಅಂದ. ಅದೇ ಗೆರೆಯ ಮೇಲೆ ಬೇರೆ ಬಣ್ಣದಲ್ಲಿ ಇನ್ನೂ ತೆಳುವಾದ ಗೆರೆ ಎಳೆದ. ಅಪೆಲ್ಲಿಸ್ ಮತ್ತೆ ಬಂದು ಮೂರನೇ ಬಣ್ಣದಲ್ಲಿ ಅವೆರಡನ್ನೂ ಸೀಳಿದ. ಪ್ರೊಟೊಜಿನಿಸ್ ಸೋಲು ಒಪ್ಪಿಕೊಂಡು ಅವನನ್ನು ಹುಡುಕಿಕೊಂಡು ಬಂದರಿಗೆ ಓಡಿದ.

ಆ ಹಲಗೆ ಮುಂದೆ ರೋಮಿನಲ್ಲಿ ಸೀಸರನ ಅರಮನೆ ಸುಟ್ಟಾಗ ಸುಟ್ಟುಹೋಯಿತು. ಅದಕ್ಕೆ ಮೊದಲು ಜನ ಹೋಗಿ ನೋಡುತ್ತಿದ್ದರಂತೆ. ಕಣ್ಣಿಗೆ ಕಾಣದಷ್ಟು ತೆಳುವಾದ ಗೆರೆಗಳ ಹೊರತು ಅದರ ಮೇಲೆ ಏನೂ ಇರಲಿಲ್ಲ. ಅಷ್ಟಾದರೂ ಸುತ್ತ ಇದ್ದ ಬೇರೆ ಚಿತ್ರಗಳಿಗಿಂತ ಅದಕ್ಕೇ ಮರ್ಯಾದೆ ಜಾಸ್ತಿ ಇತ್ತು ಎಂದು ಪ್ಲಿನಿ ಬರೆಯುತ್ತಾನೆ.

ಯಾವ ಪೆನ್ಸಿಲ್, ಯಾವ ಕಾಗದ?

ಕೈಗೆ ಸಿಕ್ಕಿದ್ದು ಸಾಕು. ಆದರೂ ವ್ಯತ್ಯಾಸ ತಿಳಿದಿರಲಿ. ನಾವು ಸೀಸ ಎಂದು ಕರೆಯುವ ಪೆನ್ಸಿಲಿನ ಕಡ್ಡಿ ಗ್ರಾಫೈಟ್ (ಇಂಗಾಲದ ಒಂದು ರೂಪ) ಮತ್ತು ಜೇಡಿಮಣ್ಣಿನ ಮಿಶ್ರಣ. ಈ ವಿಧಾನ 1795ರಲ್ಲಿ ಫ್ರಾನ್ಸಿನ ನಿಕೊಲಾ ಜಾಕ್ ಕಾಂಟೆ ಕಂಡುಹಿಡಿದದ್ದು. ಜೇಡಿಮಣ್ಣು ಜಾಸ್ತಿಯಾದರೆ ಗಟ್ಟಿ, ಅದು ಎಚ್. ಗ್ರಾಫೈಟ್ ಜಾಸ್ತಿಯಾದರೆ ಮೆತ್ತಗೆ, ಅದು ಬಿ. ಎಚ್ ಪೆನ್ಸಿಲ್ ಒತ್ತಡವನ್ನು ಮುಚ್ಚಿಡುತ್ತದೆ, ಬಿ ಪೆನ್ಸಿಲ್ ಎಲ್ಲವನ್ನೂ ಹೇಳಿಬಿಡುತ್ತದೆ. ನುಣುಪು ಕಾಗದದ ಮೇಲೆ ಕೈ ಜಾರುತ್ತದೆ, ಒರಟು ಕಾಗದ ಕೈಯನ್ನು ಹಿಡಿದು ಹಿಡಿದು ಬಿಡುತ್ತದೆ. ಇದ್ದಿಲು ಒರೆಸಿದರೆ ಹೋಗುತ್ತದೆ. ಇಂಕಿಗೆ ಹಿಂದಕ್ಕೆ ದಾರಿ ಇಲ್ಲ, ಅದಕ್ಕೇ ನನಗೆ ಇಂಕಿನ ಮೇಲೆ ಗೌರವ.

ಫೋಟೋದಲ್ಲಿ ನೋಡಿದರೆ ಸಾಕಾ?

ಪರಿಚಯಕ್ಕೆ ಸಾಕು. ಒತ್ತಡದ ತಗ್ಗು, ಗ್ರಾಫೈಟಿನ ಮಿನುಗು, ಇಂಕು ಕಾಗದದೊಳಗೆ ಇಳಿದ ಪರಿ ಫೋಟೋದಲ್ಲಿ ಬರುವುದಿಲ್ಲ. ಅಳತೆಯೂ ಬರುವುದಿಲ್ಲ. ಆರು ಅಡಿಯ ಚೌಕುಳಿ ಫೋನಿನಲ್ಲಿ ಬೂದು ಚೌಕವಾಗಿ ಕಾಣುತ್ತದೆ. ಅವಕಾಶ ಸಿಕ್ಕಾಗ ಮೂಲ ಚಿತ್ರದ ಮುಂದೆ ನಿಲ್ಲಿ. ಬೆಳಕು ಕಡಿಮೆ ಇದೆ ಎಂದು ಬೇಸರ ಬೇಡ. ಕಾಗದದ ಮೇಲಿನ ಕೃತಿಗಳಿಗೆ ಮ್ಯೂಸಿಯಮ್‌ಗಳು ಸಾಮಾನ್ಯವಾಗಿ 50 ಲಕ್ಸ್‌ನಷ್ಟೇ (ಲಕ್ಸ್ ಅಂದರೆ ಬೆಳಕಿನ ಅಳತೆ) ಬೆಳಕು ಕೊಡುತ್ತವೆ, ಜಾಸ್ತಿ ಬೆಳಕಿಗೆ ಕಾಗದವೂ ಇಂಕೂ ಹಾಳಾಗುತ್ತವೆ. ಎರಡು ನಿಮಿಷ ನಿಂತರೆ ಕಣ್ಣು ಹೊಂದಿಕೊಳ್ಳುತ್ತದೆ.

ನಾನು ಎಲ್ಲಿಂದ ಶುರು ಮಾಡಲಿ?

ಒಂದು ಹಾಳೆಯಲ್ಲಿ ನಲವತ್ತು ಗೆರೆ. ಮೇಲಿನಿಂದ ಕೆಳಗೆ, ಒಂದರ ಪಕ್ಕ ಒಂದು, ಮುಟ್ಟದ ಹಾಗೆ, ಆದಷ್ಟು ಹತ್ತಿರ. ಸ್ಕೇಲ್ ಬೇಡ. ಪ್ರತಿ ಗೆರೆಗೂ ಒಂದು ಉಸಿರು ಬಿಡಿ. ಮೊದಲ ಹತ್ತು ಗೆರೆ ಅಂದವಾಗಿ ಎಳೆಯಬೇಕು ಅನ್ನಿಸುತ್ತದೆ. ಹದಿನೈದರ ಹೊತ್ತಿಗೆ ಬೇಜಾರಾಗುತ್ತದೆ. ಇಪ್ಪತ್ತೈದು ದಾಟಿದ ಮೇಲೆ ಕೈ ಕುದುರುತ್ತದೆ, ಮನಸ್ಸು ಎಲ್ಲೋ ಹೋಗುತ್ತದೆ, ಆಗ ನಿಜವಾದ ಗೆರೆ ಬರುತ್ತದೆ. ಒಂದು ಗೆರೆ ಪಕ್ಕಕ್ಕೆ ವಾಲಿದರೆ ಮುಂದಿನದು ಅದನ್ನು ಅನುಸರಿಸುತ್ತದೆ, ಅದರ ಮುಂದಿನದು ಇನ್ನಷ್ಟು. ಹಾಳೆಯಲ್ಲಿ ಒಂದು ಅಲೆ ಏಳುತ್ತದೆ. ನೀವು ಅಲೆ ಬರೆಯಲಿಲ್ಲ, ಅದು ತಾನಾಗಿ ಬಂತು.

ನನ್ನ ಹತ್ತಿರ ಅಂಥ ಒಂದು ಹಾಳೆ ಇದೆ. ಹದಿನೇಳನೇ ಗೆರೆಯ ನಡುವೆ ಒಂದು ಗಂಟು ಇದೆ. ಆಗ ಯಾರೋ ಬಾಗಿಲು ಬಡಿದಿದ್ದರು. ಆಮೇಲಿನ ಇಪ್ಪತ್ತಮೂರು ಗೆರೆಗಳೂ ಆ ಗಂಟನ್ನು ಸುತ್ತಿಕೊಂಡು ಹೋಗಿವೆ, ನದಿ ಬಂಡೆ ಸುತ್ತಿದ ಹಾಗೆ.

ಗೆರೆಯನ್ನು ಎಲ್ಲಿ ನಿಲ್ಲಿಸಬೇಕು?

ಇದಕ್ಕೆ ನಿಯಮ ಇಲ್ಲ. ಹಾಳೆಯ ಅಂಚು ಬಂದಾಗ ನಿಲ್ಲಿಸುವವರಿದ್ದಾರೆ, ಇಂಕು ಮುಗಿದಾಗ ನಿಲ್ಲಿಸುವವರಿದ್ದಾರೆ. ನಾನು ಉಸಿರು ಮುಗಿದಾಗ ನಿಲ್ಲಿಸುತ್ತೇನೆ. ಇಟಲಿಯ ಪಿಯೆರೊ ಮಂಝೋನಿ 1959ರಲ್ಲಿ ಉದ್ದುದ್ದ ಕಾಗದದ ಸುರುಳಿಗಳ ಮೇಲೆ ಒಂದೊಂದೇ ಗೆರೆ ಎಳೆದು, ಸುತ್ತಿ, ರಟ್ಟಿನ ಕೊಳವೆಯೊಳಗೆ ಹಾಕಿ ಮುಚ್ಚಿದರು. ಮೇಲೆ ಗೆರೆಯ ಉದ್ದ ಬರೆದ ಚೀಟಿ ಅಂಟಿಸಿದರು. 1960ರಲ್ಲಿ ಡೆನ್ಮಾರ್ಕಿನ ಹರ್ನಿಂಗ್ ಊರಿನಲ್ಲಿ ಪತ್ರಿಕೆ ಅಚ್ಚು ಹಾಕುವ ಕಾಗದದ ಉರುಳೆಯ ಮೇಲೆ 7,200 ಮೀಟರ್ ಉದ್ದದ ಗೆರೆ ಎಳೆದರು. ಅದನ್ನು ಲೋಹದ ಡಬ್ಬಿಯಲ್ಲಿ ಮುಚ್ಚಿಡಲಾಯಿತು. ಏಳು ಕಿಲೋಮೀಟರಿಗೂ ಜಾಸ್ತಿ ಉದ್ದದ ಗೆರೆ ಕತ್ತಲಲ್ಲಿ ಸುತ್ತಿಕೊಂಡು ಕೂತಿದೆ.